ಡ್ರಾಮೆನ್ ಊರಿನ ಹ್ಯಾನ್ಸನ್ ದಂಪತಿ

“ಈ ಬಟ್ಟೇನ ಹೀಗೆ ಮಡಚಿಟ್ಟ ಪುಣ್ಯಾತ್ಗಿತ್ತಿ ಯಾರಪ್ಪಾ?”

ಯೋರುನ್ ಕೇಳಿದ ಮಾತಿಗೆ ಉತ್ತರ ಕೊಡಲು ಲಾಂಗೆಲಿ ತಂಗುಮನೆಯಲ್ಲಿ ಯಾರೂ ಇರಲಿಲ್ಲ. ಒಲೆಯ ಪಕ್ಕದ ಹಗ್ಗದ ಮೇಲೆ ಪಾತ್ರೆ ಒರೆಸುವ ಬಟ್ಟೆ ಮೂರು ಮಡಿಕೆಯಾಗಿ, ತುದಿಯ ಮೂಲೆಯನ್ನು ಒಳಕ್ಕೆ ಸಿಕ್ಕಿಸಿಕೊಂಡು, ಇಸ್ತ್ರಿ ಮಾಡಿದ ಹಾಗೆ ತೂಗುತ್ತಿತ್ತು. ಬೆಟ್ಟ ನಡೆದು ದಣಿದವರು ಬಟ್ಟೆಯನ್ನು ಹಿಂಡಿ ಎಸೆದು ಮಲಗುತ್ತಾರೆ. ತೀರಾ ಶಿಸ್ತಿನವರಾದರೆ ಹರವುತ್ತಾರೆ. ಮೂಲೆಯನ್ನು ಒಳಕ್ಕೆ ಸಿಕ್ಕಿಸುವವರು ಇಡೀ ನಾರ್ವೆಯಲ್ಲಿ ಒಬ್ಬರೇ ಎಂದು ಯೋರುನ್ ಹುಟ್ಟಿದಾಗಿನಿಂದ, ಅಂದರೆ ಅರವತ್ತೊಂದು ವರ್ಷದಿಂದ, ನಂಬಿದ್ದಳು. ಆ ಒಬ್ಬರು ಈಗ ಇರಬೇಕಾದದ್ದು ಕಡಲ ನಡುವಿನ ದ್ವೀಪದಲ್ಲಿ, ತಮ್ಮ ಮನೆಯ ಜಗುಲಿಯಲ್ಲಿ, ಇಲ್ಲಿಂದ ಒಂದು ಹಗಲಿನ ಪ್ರಯಾಣದಾಚೆ.

ಅವಳು ಒಲೆಯ ಮೇಲೆ ಅಂಗೈ ಇಟ್ಟು ನೋಡಿದಳು. ಇನ್ನೂ ಬಿಸಿ ಆರಿರಲಿಲ್ಲ. ಪಕ್ಕದಲ್ಲಿ ಸೌದೆ ಸೀಳಿ ಜೋಡಿಸಿತ್ತು, ದಪ್ಪದ್ದು ಒಂದು ಕಡೆ, ಸಣ್ಣದ್ದು ಒಂದು ಕಡೆ. ಬಕೆಟ್ಟಿನಲ್ಲಿ ತೊರೆಯ ನೀರು ತುಂಬಿ ಮೇಲೆ ತಟ್ಟೆ ಮುಚ್ಚಿತ್ತು. ನಿನ್ನೆ ಗ್ರೋಬು ತಂಗುಮನೆಯಲ್ಲೂ ಹೀಗೆಯೇ ಇತ್ತು. ಅಲ್ಲಿ ಮೇಜಿನ ಮೇಲೆ, ಜೌಗುನೆಲದಲ್ಲಿ ಬೆಳೆಯುವ ಹಳದಿ ಹಣ್ಣಿನ ಜಾಮು ಬೇರೆ ಒಂದು ಪುಟ್ಟ ಸೀಸೆಯಲ್ಲಿ ಕಾಯುತ್ತಿತ್ತು. ಅದು ಅವಳ ಪ್ರಾಣ. ಕಾವಲುಗಾರನಿಲ್ಲದ ಈ ಬೆಟ್ಟದ ಮನೆಗಳಲ್ಲಿ, ಹೊರಡುವವರು ಮುಂದೆ ಬರುವವರಿಗಾಗಿ ಸೌದೆ ಸೀಳಿಟ್ಟು ಹೋಗುವುದು ಅಜ್ಜಂದಿರ ಕಾಲದ ವಾಡಿಕೆ. ಹಾಗೆಂದುಕೊಂಡೇ ನಿನ್ನೆ ಯೋರುನ್ ಆ ಅಪರಿಚಿತರ ಹೆಸರಿನಲ್ಲಿ ಸ್ತೋತ್ರಗೀತೆಯೊಂದನ್ನು ಏಳು ನುಡಿಯೂ ಬಿಡದೆ ಹಾಡಿದ್ದಳು. ಹಾಡಿದ ಸ್ತೋತ್ರವನ್ನು ದೇವರು ವಾಪಸು ಕೊಡುತ್ತಾನೋ ಇಲ್ಲವೋ ಎಂದು ಈಗ ಅವಳಿಗೆ ಚಿಂತೆಯಾಯಿತು.

ಯೋರುನ್ ತಮ್ಮ ದ್ವೀಪದ ಚರ್ಚಿನಲ್ಲಿ ಗಂಟೆ ಬಾರಿಸುವವಳು. ಮದುವೆಯಾಗಿರಲಿಲ್ಲ. ಅಪ್ಪ ಊಟದ ಮೇಜಿನಲ್ಲಿ, ದೋಣಿಯಲ್ಲಿ, ಬಲೆ ಹೆಣೆಯುವಾಗ ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಿದ್ದರೆ, ಕೇಳಿ ಕೇಳಿ ಅವಳ ನಾಲಗೆಯ ಮೇಲೆ ಅವು ಕೂತುಬಿಟ್ಟಿದ್ದವು. ಮಾತು ಕಡಿಮೆ. ಆಡಬೇಕಾದ ಮಾತನ್ನೆಲ್ಲ ಅದೇ ಚರ್ಚಿನ ಸಮಿತಿಯ ಕಾರ್ಯದರ್ಶಿಯಾದ ಅಕ್ಕ ಬೋರ್ಗಿಲ್ಡ್ ಆಡಿ ಮುಗಿಸುತ್ತಿದ್ದಳು. ಇಪ್ಪತ್ತೆರಡು ಬೇಸಗೆ ಯೋರುನ್ ಅಕ್ಕ ಭಾವನ ಜೊತೆ, ಕಾರಿನ ಹಿಂದೆ ಕಟ್ಟಿದ ಚಕ್ರದ ಮನೆಯಲ್ಲಿ, ಮಡಚುವ ಮಂಚದ ಮೇಲೆ ಮಲಗಿ ದೇಶ ಸುತ್ತಿದ್ದಳು. ಎಷ್ಟು ಗಂಟೆಗೆ ಕಾಫಿ, ಯಾವ ಕಿಟಕಿಯಿಂದ ಜಲಪಾತ ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಎಲ್ಲವನ್ನೂ ಬೋರ್ಗಿಲ್ಡ್ ತೀರ್ಮಾನಿಸುತ್ತಿದ್ದಳು. “ಸಾಕು, ನೋಡಿದ್ದಾಯ್ತಲ್ಲ” ಎಂದರೆ ಜಲಪಾತ ಮುಗಿಯಿತು.

ಈ ವರ್ಷ ಈಸ್ಟರ್ ಊಟದ ಹೊತ್ತಿಗೆ, ಕುರಿಮಾಂಸ ಬಡಿಸುತ್ತಿದ್ದಾಗ, ಯೋರುನ್ “ನಾನು ಈ ಸಲ ಒಬ್ಳೇ ಹೋಗ್ತೀನಿ” ಅಂದಿದ್ದಳು.

“ಎಲ್ಲಿಗೆ? ಹಿತ್ತಲಿಗಾ?” ಎಂದಳು ಬೋರ್ಗಿಲ್ಡ್.

“ಎರಡು ದಿನ ಬರ್ಗೆನ್. ಆಮೇಲೆ ನಾಲ್ಕು ದಿನ ಬೆಟ್ಟ.”

ಅಕ್ಕ ನಕ್ಕಳು, ಬೈದಳು, ಎದೆ ಹಿಡಿದುಕೊಂಡಳು, ಕೊನೆಗೆ ಪಂದ್ಯ ಕಟ್ಟಿದಳು. “ಸರಿ, ಹೋಗು. ಆರು ದಿನ ಒಬ್ಬರ ಸಹಾಯಾನೂ ಇಲ್ದೆ ಮುಗಿಸಿ ಬಂದೆ ಅಂದ್ರೆ ಇನ್ಮೇಲೆ ನಿನ್ನ ಬೇಸಗೆ ನಿಂದು, ನಾನು ಬಾಯಿ ಬಿಡಲ್ಲ. ಆದ್ರೆ ಯಾರಾದ್ರೂ ನಿನಗೊಂದು ಒಲೆ ಹೊತ್ತಿಸಿಕೊಟ್ರೂ ಸೋತ ಹಾಗೇನೇ. ಸೋತ್ರೆ, ಸಾಯೋವರೆಗೂ ನಮ್ಮ ಜೊತೆ. ಒಪ್ಪಿಗೇನಾ?”

ಭಾವ ಓಡ್ವಾರ್ ಆಲೂಗಡ್ಡೆಯ ಮೇಲೆ ಕಣ್ಣು ನೆಟ್ಟು ಕುಳಿತಿದ್ದ. “ಒಪ್ಪಿಗೆ” ಎಂದಳು ಯೋರುನ್.

ಬರ್ಗೆನ್ನಿನ ಎರಡು ದಿನವನ್ನು ಅವಳು ಮಗು ಸಕ್ಕರೆ ಡಬ್ಬಿಗೆ ಕೈ ಹಾಕಿದ ಹಾಗೆ ಕಳೆದಳು. ಅಕ್ಕ ಬರೆದುಕೊಟ್ಟ ಪಟ್ಟಿಯಲ್ಲಿ ಒಂಬತ್ತಕ್ಕೆ ಕೋಟೆ, ಹತ್ತೂವರೆಗೆ ವಸ್ತುಸಂಗ್ರಹಾಲಯ, ಹನ್ನೆರಡಕ್ಕೆ ಬುತ್ತಿ ಎಂದಿತ್ತು. ಯೋರುನ್ ಎದ್ದದ್ದೇ ಒಂಬತ್ತಕ್ಕೆ. ಒಂದು ಪೊಟ್ಟಣ ಸಿಗಡಿ ಕೊಂಡು ಬಂದರಿನ ಕಲ್ಲುಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಸುಲಿದು ತಿಂದು, ಸಿಪ್ಪೆಯನ್ನು ಕಡಲಹಕ್ಕಿಗಳಿಗೆ ಎಸೆದಳು. ಮಳೆ ಬಂತು, ಬರ್ಗೆನ್ನಿನಲ್ಲಿ ಬಾರದೆ ಇನ್ನೆಲ್ಲಿ ಬರುತ್ತದೆ? ನೆನೆದಳು. ಹಳೇ ಮರದ ಮನೆಗಳ ಓಣಿಯಲ್ಲಿ, ಅವು ವಾಲಿದ ಕಡೆಗೇ ತಾನೂ ವಾಲಿಕೊಂಡು ನಡೆದಳು. ಗುಡ್ಡ ಹತ್ತುವ ಹಗ್ಗದ ರೈಲಿನಲ್ಲಿ ಸುಮ್ಮನೆ ಮೂರು ಸಲ ಮೇಲೆ ಕೆಳಗೆ ಹೋಗಿ ಬಂದಳು. ದೊಡ್ಡ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು, ಅಲ್ಲಿಯ ಗಂಟೆ ಬಾರಿಸುವವನು ಕೊನೆಯ ಏಟನ್ನು ಅರ್ಧ ಉಸಿರು ಬೇಗ ಹೊಡೆದದ್ದನ್ನು ಕಂಡುಹಿಡಿದು ಒಳಗೊಳಗೇ ಹಿಗ್ಗಿದಳು. ಮೊದಲ ದಿನ ಸಂಜೆ ತಂಗಿದ್ದ ಮನೆಯ ಹುಡುಗಿ ಮಾತ್ರ, “ನಿಮ್ಮಕ್ಕ ಫೋನ್ ಮಾಡಿದ್ರು. ಉಣ್ಣೆ ಚಡ್ಡಿ ಹಾಕ್ಕೊಂಡಿದಾರಾ ಅಂತ ಕೇಳಿದ್ರು. ಏನು ಹೇಳ್ಲಿ?” ಎಂದು ಕೇಳಿದಳು.

“ಬೆಟ್ಟದಲ್ಲಿ ಸಿಗ್ನಲ್ ಇಲ್ಲ ಅಂತ ಹೇಳು” ಎಂದಿದ್ದಳು ಯೋರುನ್.

ಈಗ ಲಾಂಗೆಲಿಯಲ್ಲಿ ನಿಂತು, ಬೆಟ್ಟದಲ್ಲಿ ಸಿಗ್ನಲ್ ಇಲ್ಲದಿದ್ದರೆ ಅಕ್ಕ ತಾನೇ ಬರುತ್ತಾಳೆ ಎಂಬುದು ಹೊಳೆಯದೆ ಹೋಯಿತಲ್ಲ ಎಂದು ತಲೆ ಚಚ್ಚಿಕೊಂಡಳು. ಮೇಜಿನ ಮೇಲೆ ತಂಗುಮನೆಯ ಪುಸ್ತಕವಿತ್ತು. ಬಂದವರು ಹೆಸರು, ಊರು, ಎಲ್ಲಿಂದ ಬಂದದ್ದು, ಯಾವ ದಾರಿಯಲ್ಲಿ ಎಲ್ಲಿಗೆ ಹೊರಟದ್ದು ಎಂದು ಬರೆಯಲೇಬೇಕು. ಮಂಜು ಕವಿದು ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದು ಈ ಪುಸ್ತಕವನ್ನೇ. ಹಾಗಾಗಿ ಊರಿನಲ್ಲಿ ತೆರಿಗೆಯವರಿಗೆ ಸುಳ್ಳು ಹೇಳುವವರೂ ಬೆಟ್ಟದ ಪುಸ್ತಕದಲ್ಲಿ ಹೇಳುವುದಿಲ್ಲ. ಬೈಬಲ್ಲಿನ ಪಕ್ಕದಲ್ಲಿ ಅದಕ್ಕೆ ಜಾಗ. ನಿನ್ನೆ ಗ್ರೋಬುವಿನಲ್ಲಿ ಜಾಮಿನ ಗುಂಗಿನಲ್ಲಿ ಅವಳು ಮೇಲಿನ ಸಾಲನ್ನು ನೋಡದೆಯೇ ತನ್ನ ಹೆಸರು ಬರೆದಿದ್ದಳು.

ಕೊನೆಯ ಸಾಲು ಹೀಗಿತ್ತು: ಶ್ರೀಮತಿ ಮತ್ತು ಶ್ರೀ ಹ್ಯಾನ್ಸನ್, ಡ್ರಾಮೆನ್. ಗ್ರೋಬುವಿನಿಂದ ಬಂದದ್ದು. ಇಂದು ಹನ್ನೊಂದು ಗಂಟೆಗೆ ಹೊರಟು ಕೆರೆಯ ದಾರಿಯಲ್ಲಿ ಸ್ಕಾರ್ಬುವಿಗೆ. ಮಂಡಿ ನೋವಿರುವುದರಿಂದ ನಿಧಾನ. ‘ಇತರೆ ಮಾತು’ ಎಂಬ ಕಲಮಿನಲ್ಲಿ: ಚಾಕುವಿನ ಗೂಡಿನಲ್ಲಿ ಚಮಚ ಇಡುವವರಿಗೆ ಅವರ ಮನೆಯಲ್ಲಿ ಯಾರೂ ಬುದ್ಧಿ ಹೇಳಲಿಲ್ಲವೇ?

ಜಾಮಿನ ಸೀಸೆಗಳ ಮೇಲೆ, ಕ್ರಿಸ್‌ಮಸ್ ಕಾರ್ಡುಗಳ ಮೇಲೆ ನಲವತ್ತು ವರ್ಷದಿಂದ ನೋಡಿದ ಕೈಬರಹ. ಯೋರುನ್ ಬೆಂಚಿನ ಮೇಲೆ ಕುಸಿದಳು. ನಗು ಮೊದಲು ಬಂತು, ಅದರ ಹಿಂದೆಯೇ ಅಳುವೂ ಬಂತು. ಯಾಕೆಂದರೆ ಅವಳಿಗೆ ಲೆಕ್ಕ ಹತ್ತಿತ್ತು. ಗ್ರೋಬುವಿನ ಒಲೆ ಹೊತ್ತಿಸಿದ್ದು ಅಕ್ಕ. ಇಲ್ಲಿಯದೂ ಅವಳೇ. ಸ್ಕಾರ್ಬುವಿನಲ್ಲೂ ಅವಳೇ ಹೊತ್ತಿಸುತ್ತಾಳೆ. ಆರನೇ ದಿನ ದೋಣಿಕಟ್ಟೆಯಲ್ಲಿ ಎದುರಿಗೆ ಬಂದು ನಿಂತು, “ಮೂರು ಒಲೆ ಪುಟ್ಟಿ, ಮೂರು” ಎಂದು ಬೆರಳು ಎತ್ತುತ್ತಾಳೆ. ಅಲ್ಲಿಗೆ ಮಡಚುವ ಮಂಚ, ಕೊನೆಯುಸಿರಿನವರೆಗೆ.

ಅವಳು ಇನ್ನೊಂದು ಸಲ ಸಾಲನ್ನು ಓದಿದಳು. ಆಗ ಅದರ ಸೊಗಸು ಕಣ್ಣಿಗೆ ಬಿತ್ತು. ಅಕ್ಕ ಹೆಸರು ಬದಲಿಸಿದ್ದಳು, ಊರು ಬದಲಿಸಿದ್ದಳು. ದಾರಿಯನ್ನು ಬದಲಿಸುವುದಕ್ಕೆ ಮಾತ್ರ ಕೈ ಬಂದಿರಲಿಲ್ಲ. ಹೊರಟ ಗಂಟೆ ಸಮೇತ, ಮಂಡಿ ನೋವು ಸಮೇತ, ಎಲ್ಲ ನಿಜ. ಕದ್ದು ಬಂದವಳು ಹೋಗುವ ವಿಳಾಸ ಬರೆದಿಟ್ಟು ಹೋಗಿದ್ದಳು! ಕೆರೆಯ ದಾರಿ ಮಂಡಿ ನೋವಿನವರಿಗೆ ಎಂಟು ಗಂಟೆ. ಬೆಟ್ಟದ ಸಂದಿನ ದಾರಿ ಕಡಿದು. ಆದರೆ ನಾಲ್ಕೇ ಗಂಟೆ. ಈಗ ಹನ್ನೆರಡೂವರೆ.

ಯೋರುನ್ ಪುಸ್ತಕದಲ್ಲಿ ತನ್ನ ಹೆಸರನ್ನು ದಪ್ಪಗೆ ಬರೆದಳು. ಒಬ್ಬಳೇ. ಸಂದಿನ ದಾರಿಯಲ್ಲಿ ಸ್ಕಾರ್ಬುವಿಗೆ. ಆ ಸೀಳಿದ ಸೌದೆಯಲ್ಲಿ ಒಂದು ಚಕ್ಕೆಯನ್ನೂ ಮುಟ್ಟದೆ, ತಣ್ಣನೆಯ ರೊಟ್ಟಿಗೆ ಕಂದು ಗಿಣ್ಣು ಹಚ್ಚಿ ತಿಂದು, ಚೀಲ ಬೆನ್ನಿಗೇರಿಸಿದಳು. ಹೊರಡುವ ಮುಂಚೆ ಚಮಚಗಳನ್ನೆಲ್ಲ ತೆಗೆದು ಚಾಕುವಿನ ಗೂಡಿಗೆ ಹಾಕಿದಳು. ಅದು ಪಾಪವಲ್ಲ ಎಂದು ಅವಳ ಅಂತಃಸಾಕ್ಷಿ ಹೇಳಿತು.

ಸಂದಿನ ದಾರಿಯಲ್ಲಿ ಬಂಡೆಗಳ ಮೇಲೆ ಬಳಿದ ಕೆಂಪು ಗುರುತುಗಳನ್ನು ಹಿಡಿದು ಅವಳು ಏರಿದಳು. ದೂರವನ್ನು ಅವಳು ಕೀರ್ತನೆಗಳಲ್ಲಿ ಅಳೆಯುತ್ತಿದ್ದಳು. ಹದಿನಾಲ್ಕು ನುಡಿಯ ಕೀರ್ತನೆ ಮುಗಿಯುವ ಹೊತ್ತಿಗೆ ಮೊದಲ ಹಿಮದ ತೇಪೆ; ಪಶ್ಚಾತ್ತಾಪದ ಕೀರ್ತನೆ ಉದ್ದ, ಉಸಿರು ಸಾಲದು, ಅದನ್ನು ಇಳಿಜಾರಿಗೆ ಇಟ್ಟುಕೊಂಡಳು. ಸಂದಿನ ನೆತ್ತಿಯ ಕಲ್ಲುಗುಪ್ಪೆಯ ಬಳಿ ಹಸಿರು ಟೊಪ್ಪಿಗೆಯ ಉದ್ದನೆಯ ಮನುಷ್ಯನೊಬ್ಬ ಬೂಟು ಬಿಚ್ಚಿ, ತನ್ನ ಪಾದಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ಕುಳಿತಿದ್ದ. ಹೆಸರು ಮೊಗೆನ್ಸ್, ಊರು ಡೆನ್ಮಾರ್ಕ್.

“ತಾಯೀ, ಇನ್ನೂ ಎಷ್ಟು ದೂರ?” ಎಂದು ಕೇಳಿದ.

“ಎರಡು ಕೀರ್ತನೆ. ನುಡಿ ಹಾರಿಸದೆ ಹೇಳಿದ್ರೆ.”

ಅವನು ಅವಳ ಮುಖವನ್ನು ನೋಡಿದ. “ನಮ್ಮ ದೇಶದಲ್ಲಿ ಅತಿ ಎತ್ತರದ ಜಾಗಕ್ಕೆ ಹಸು ಓಡಿಕೊಂಡು ಹತ್ತುತ್ತೆ. ನನಗೆ ಈ ಬೆಟ್ಟ ಚೆಂದ ಇರುತ್ತೆ ಅಂತ ಹೇಳಿದ್ರೇ ಹೊರತು, ಇಷ್ಟೊಂದು ಇರುತ್ತೆ ಅಂತ ಯಾರೂ ಹೇಳ್ಲಿಲ್ಲ.”

“ಎದ್ದೇಳಿ. ಕೂತ್ರೆ ಬೆಟ್ಟ ಬೆಳೆಯುತ್ತೆ” ಎಂದಳು ಯೋರುನ್. ಅವನ ಹಿಮ್ಮಡಿಗೆ ಪಟ್ಟಿ ಅಂಟಿಸಿ, ಕಿತ್ತಳೆಹಣ್ಣಿನಲ್ಲಿ ಅರ್ಧ ಕೊಟ್ಟು, ಮುಂದೆ ನಡೆದಳು. ಅವನು ಹಿಂದಿನಿಂದ ಕುಂಟುತ್ತ ಬಂದ; ಪಶ್ಚಾತ್ತಾಪದ ಕೀರ್ತನೆಗೆ ಅವನ ನರಳಾಟ ಚೆನ್ನಾಗಿ ಹೊಂದಿಕೊಂಡಿತು.

ಸ್ಕಾರ್ಬು ಖಾಲಿಯಾಗಿತ್ತು. ಗಡಿಯಾರದಲ್ಲಿ ನಾಲ್ಕೂವರೆ. ಯೋರುನ್ ಅಂಗಿಯ ತೋಳು ಮಡಚಿದಳು. ಸೌದೆ ಸೀಳಿದಳು, ದಪ್ಪದ್ದು ಒಂದು ಕಡೆ, ಸಣ್ಣದ್ದು ಒಂದು ಕಡೆ. ತೊರೆಯಿಂದ ನಾಲ್ಕು ಸಲ ನೀರು ಹೊತ್ತಳು. ಒಲೆ ಉರಿಯಿತು, ಗಂಜಿ ಕುದಿಯಿತು, ಬಾಣಲೆಯಲ್ಲಿ ಬೆಣ್ಣೆ ಕರಗಿತು. ಎರಡು ಹಾಸಿಗೆಗೆ ಹೊದಿಕೆ ಬಿಡಿಸಿ, ದಿಂಬು ಕುಟ್ಟಿ, ಒಂದು ಹಾಸಿಗೆಯ ಕಾಲಿನ ಕಡೆ ಮಂಡಿ ಇಟ್ಟುಕೊಳ್ಳಲು ಕಂಬಳಿ ಸುತ್ತಿಟ್ಟಳು. ಆಮೇಲೆ ಪುಸ್ತಕದಲ್ಲಿ ಬರೆಯಬೇಕಾದದ್ದನ್ನು ಬರೆದಳು.

ಮೊಗೆನ್ಸ್ ಬೆಂಚಿನ ಮೇಲೆ ಬಿದ್ದುಕೊಂಡೇ ನೋಡುತ್ತಿದ್ದ. “ಯಾರು ಬರ್ತಾ ಇದ್ದಾರೆ? ರಾಜನಾ?”

“ಲಾಂಗೆಲಿ ಪುಸ್ತಕದಲ್ಲಿ ಹ್ಯಾನ್ಸನ್ ಅಂತ ಬರೆದಿದೆ. ಬಂದ್ರೆ ಗಂಜಿ ಅವರಿಗೇ ಅಂತ ಹೇಳಿ.” ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬಾಗಿಲ ಬಳಿಯ ತನ್ನ ಬೂಟು, ಚೀಲಗಳನ್ನು ಎತ್ತಿಕೊಂಡು ಅವಳು ಏಣಿ ಹತ್ತಿ ಅಟ್ಟದ ಮಂಚಕ್ಕೆ ಹೋದಳು.

ಏಳೂಕಾಲಿಗೆ ಹೊರಗೆ ಮಾತು ಕೇಳಿಸಿತು. ಬಿಸಿಲು ಇನ್ನೂ ಬೆಟ್ಟದ ಹೆಗಲ ಮೇಲಿತ್ತು.

“ಬೇಗ ಬಾ, ಬೇಗ ಬಾ” ಎನ್ನುತ್ತಿದ್ದಳು ಬೋರ್ಗಿಲ್ಡ್. “ಸೌದೆ ಇವತ್ತೇ ಸೀಳಿಟ್ಬಿಡು. ಬೆಳಿಗ್ಗೆ ಎದ್ದ ತಕ್ಷಣ ಹೊರಡಬೇಕು.”

“ಮೂರು ದಿನದಿಂದ ಅವಳ ಸೌದೆ ನಾನು ಸೀಳ್ತಿದೀನಿ. ಪಂದ್ಯ ಕಟ್ಟಿದ ಬಾಯಿ ನಿಂದು, ಮುರಿಯೋ ಸೊಂಟ ನಂದು.”

“ಅವಳಿಗೆ ಸೌದೆ ಸೀಳೋಕೆ ಬರಲ್ಲ ಕಣೋ!”

“ಮೂವತ್ತು ವರ್ಷ ಚರ್ಚಿನ ಒಲೆಗೆ ಸೌದೆ ಸೀಳಿದ್ದು ಯಾರು? ಪಾದ್ರಿಯಾ?”

ಬಾಗಿಲು ತೆರೆಯಿತು. ಬೋರ್ಗಿಲ್ಡ್ ಮೌನವಾಗಿರುವುದನ್ನು ಯೋರುನ್ ಹಿಂದೆ ಎಂದೂ ಕೇಳಿರಲಿಲ್ಲ, ಕಿವಿಗೊಟ್ಟು ಸವಿದಳು.

“ಹ್ಯಾನ್ಸನ್ ಅವರಾ?” ಮೊಗೆನ್ಸ್‌ನ ನಿದ್ದೆಗಣ್ಣಿನ ದನಿ. “ಗಂಜಿ ನಿಮಗೇ ಅಂತೆ.”

“ಯಾರು... ಇದನ್ನೆಲ್ಲ ನೀವು ಮಾಡಿದ್ರಾ?”

“ನಾನು ಡೆನ್ಮಾರ್ಕಿನವನು” ಎಂದು ಹೇಳಿ, ಅಷ್ಟು ಸಾಕೆಂಬಂತೆ ಅವನು ಮಗ್ಗುಲಾದ.

“ಬೆಟ್ಟದಲ್ಲಿ ಇನ್ನೂ ಒಳ್ಳೇ ಜನ ಇದಾರೆ ನೋಡು” ಎಂದು ಓಡ್ವಾರ್ ಹಾಸಿಗೆಗೆ ಹೋಗಿ ಕಂಬಳಿಯ ಸುರುಳಿಯ ಮೇಲೆ ಮಂಡಿ ಚಾಚಿದ. “ಆಹಾ. ನನ್ನ ಮಂಡಿ ವಿಷಯ ಇವರಿಗೆ ಯಾರು ಹೇಳಿದ್ರೋ! ಬೋರ್ಗಿಲ್ಡ್, ನನ್ನ ಮಾತು ಕೇಳು. ಬಿಟ್ಬಿಡೋಣ. ಅವಳು ಒಬ್ಳೇ ಚೆನ್ನಾಗೇ ಇದಾಳೆ.”

“ಬಿಡೋದು ಅಂದ್ರೆ? ಪಂದ್ಯ ಗೆದ್ಬಿಡ್ತಾಳಲ್ಲ.”

“ಗೆಲ್ಲಲಿ.”

“ಮುಂದಿನ ಬೇಸಗೆ?” ಬೋರ್ಗಿಲ್ಡ್‌ಳ ದನಿ ಸಣ್ಣದಾಯಿತು. “ಆ ಗಾಡೀಲಿ ನಾವಿಬ್ರೇನಾ?”

“ನಾವಿಬ್ರೇ.”

“ಇಬ್ರೇ ಇದ್ರೆ ಏನು ಮಾತಾಡೋದು ಓಡ್ವಾರ್?”

ಅವನು ಮಂಡಿ ಉಜ್ಜಿಕೊಂಡ. “ಇಪ್ಪತ್ತೆರಡು ವರ್ಷದಿಂದ ನನಗೂ ಅದೇ ಭಯ.”

ಅಟ್ಟದ ಮೇಲೆ ಯೋರುನ್ ಸೂರಿನ ಹಲಗೆಯನ್ನು ನೋಡುತ್ತ ಮಲಗಿದ್ದಳು. ನಗು ಅರ್ಧಕ್ಕೆ ನಿಂತಿತ್ತು. ತನ್ನನ್ನು ಅಸಮರ್ಥೆ ಎಂದುಕೊಂಡು ಎಳೆದುಕೊಂಡು ತಿರುಗುತ್ತಾರೆ ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು. ಆದರೆ ಗಾಡಿಯಲ್ಲಿ ತನ್ನನ್ನು ಕೂರಿಸಿದ್ದು ಅವರಿಬ್ಬರ ನಡುವಿನ ಜಾಗ ತುಂಬಲೆಂದು. ಇದನ್ನು ತಿಳಿಯದೆಯೇ ಇದ್ದಿದ್ದರೆ ಕೋಪ ಮಾಡಿಕೊಳ್ಳುವುದು ಸುಲಭವಿತ್ತು.

ಕೆಳಗೆ ಪುಸ್ತಕದ ಹಾಳೆ ಮಗುಚಿದ ಸದ್ದು. ಅಕ್ಕ ಹೆಸರು ಬರೆಯಲು ಕೂತಿದ್ದಳು. ಪೆನ್ನು ಮೇಜಿನ ಮೇಲೆ ಬಿತ್ತು.

“ಓಡ್ವಾರ್.”

“ಏನು?”

“‘ಯೋರುನ್. ಒಬ್ಬಳೇ. ಲಾಂಗೆಲಿಯಿಂದ ಸಂದಿನ ದಾರಿಯಲ್ಲಿ. ನಾಲ್ಕೂವರೆಗೆ ಬಂದೆ.’” ಬೋರ್ಗಿಲ್ಡ್ ಒಂದೊಂದೇ ಮಾತನ್ನು ಓದಿದಳು. “‘ಡ್ರಾಮೆನ್ನಿನ ಹ್ಯಾನ್ಸನ್ ದಂಪತಿಗೆ: ನೀರು ಕಾದಿದೆ. ಚಮಚಗಳು ಚಮಚದ ಗೂಡಿನಲ್ಲೇ ಇವೆ.’”

ಓಡ್ವಾರ್ ನಗಲು ಶುರುಮಾಡಿದವನು ನಿಲ್ಲಿಸಲಾರದೆ ಮಂಡಿಯನ್ನೂ ಮರೆತು ಹೊರಳಾಡಿದ. ಯೋರುನ್ ಏಣಿಯಿಂದ ಇಳಿದಳು.

“ಅಕ್ಕಾ, ಗಂಜಿ ಆರುತ್ತೆ” ಎಂದಳು.

ಬೋರ್ಗಿಲ್ಡ್‌ಳ ಮುಖ ಕೆಂಪಾಗಿ, ಬಿಳುಪಾಗಿ, ಮತ್ತೆ ಕೆಂಪಾಯಿತು. ಆದರೆ ಸೋಲುವುದು ಅವಳ ಜಾಯಮಾನವಲ್ಲ. ಎರಡು ಬೆರಳು ಎತ್ತಿದಳು. “ಎರಡು ಒಲೆ ಪುಟ್ಟಿ. ಗ್ರೋಬು, ಲಾಂಗೆಲಿ. ಎರಡೂ ಹೊತ್ತಿಸಿದ್ದು ನಾನು. ಸೋತೆ ನೀನು.”

“ಲಾಂಗೆಲೀದು ನಾನು ಮುಟ್ಲೇ ಇಲ್ಲ. ಗ್ರೋಬುದು ಹೊತ್ತಿಸಿದ್ದು ಹ್ಯಾನ್ಸನ್ ಅಂತ ಇದೆ.”

“ಅದು ನಾನೇ ಅಂತ ನಿನಗೆ ಗೊತ್ತಲ್ಲೇ!”

“ನನಗೆ ಗೊತ್ತಿರೋದು ಪುಸ್ತಕದಲ್ಲಿರೋದು. ಮುಂದೆ ಬರೋರಿಗೆ ಸೌದೆ ಇಟ್ಟು ಹೋಗೋದು ಬೆಟ್ಟದ ವಾಡಿಕೆ, ಅದು ಸಹಾಯ ಅಲ್ಲ. ನೀನೇ ಅಂತೀಯಾದ್ರೆ ಸರಿ. ಊರಿಗೆ ಹೋಗಿ ಸಭೇಲಿ ಹೇಳೋಣ. ಚರ್ಚಿನ ಸಮಿತಿಯ ಕಾರ್ಯದರ್ಶಿ ತಂಗುಮನೆ ಪುಸ್ತಕದಲ್ಲಿ ಸುಳ್ಳು ಹೆಸರು ಬರೆದ್ರು ಅಂತ. ಹೇಳ್ಲಾ?”

ಬೋರ್ಗಿಲ್ಡ್ ಎತ್ತಿದ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

“ಅಪ್ಪ ಕಲಿಸಿದ್ದೆಲ್ಲ ಇವಳು ಸುಮ್ನೆ ಕೇಳ್ಕೊಂಡು ಕೂತಿದ್ದು ಇದಕ್ಕೇನಾ?” ಎಂದು ಕೊನೆಗೆ ಗಂಡನನ್ನು ಕೇಳಿದಳು.

“ಗಂಜಿ ತಿನ್ನು” ಎಂದ ಓಡ್ವಾರ್, ಕಣ್ಣೊರೆಸಿಕೊಳ್ಳುತ್ತ. “ಸೋತವರಿಗೂ ಹೊಟ್ಟೆ ಇರುತ್ತೆ.”

ಯೋರುನ್ ಊಟದ ಪ್ರಾರ್ಥನೆಯನ್ನು ಹಾಡಿದಳು. ಇಬ್ಬರೂ ದನಿಗೂಡಿಸಿದರು, ಮೊಗೆನ್ಸ್ ಕೂಡ ಬೆಂಚಿನಿಂದ ಎದ್ದು ಬಂದು, ತನ್ನ ನಾಡಿನ ನುಡಿಯಲ್ಲಿ ಏನೋ ಗೊಣಗಿ, ತಟ್ಟೆ ಹಿಡಿದ. ಬೋರ್ಗಿಲ್ಡ್ ಎರಡು ಸಲ ಬಡಿಸಿಕೊಂಡಳು. ಗಂಜಿಗೆ ಉಪ್ಪು ಹೆಚ್ಚಾಯಿತು ಎನ್ನಲಿಲ್ಲ, ಕಡಿಮೆಯಾಯಿತು ಎನ್ನಲಿಲ್ಲ. ತಟ್ಟೆಯ ಅಂಚನ್ನು ಚಮಚದಿಂದ ಕೆರೆಯುತ್ತ, ತಂಗಿಯ ಕಡೆ ನೋಡದೆ ಕೇಳಿದಳು.

“ನಾಳೆ ಕೆಳಗಿಳಿಯೋಕೆ ಇರೋದು ಒಂದೇ ದಾರಿ. ಪಂದ್ಯ ನಿಂದೇ ಆಯ್ತು, ಒಪ್ಪಿದೆ. ಒಂದಿನದ್ದಲ್ವಾ, ಮೂವರೂ ಒಟ್ಟಿಗೆ ಹೋಗೋಣ ಕಣೆ.”

ಓಡ್ವಾರ್ ಕೂಡ ತಲೆಯೆತ್ತಿದ. ಆ ಗಾಡಿಯಲ್ಲಿ ಮುಂದಿನ ವರ್ಷ ಇಬ್ಬರೇ ಕೂರುವುದು ಯೋರುನ್‌ಳ ಕಣ್ಣ ಮುಂದೆ ಒಮ್ಮೆ ಹಾದುಹೋಯಿತು. ನಾಳಿನ ದಾರಿಯೂ ಹಾದುಹೋಯಿತು: ಬರ್ಚ್ ಮರಗಳ ಇಳಿಜಾರು, ತೊರೆ, ಅವಳೊಬ್ಬಳ ಹೆಜ್ಜೆಯ ಸದ್ದು.

“ಮಾತಾಡೋಕೆ ಭಾವ ಇದಾರಲ್ಲ” ಎಂದಳು.

“ಜೊತೆಗೆ ಬೇಡ ಬಿಡು. ಸ್ವಲ್ಪ ಹಿಂದೆ ಬರ್ತೀವಿ. ಮಾತಾಡ್ಸಲ್ಲ. ಕೂಗಿದ್ರೆ ಕೇಳಿಸೋಷ್ಟು ದೂರದಲ್ಲಿ. ಆಗಬಹುದಾ ಪುಟ್ಟಿ?”

“ಇಲ್ಲ” ಎಂದಳು ಯೋರುನ್. “ಆಗಲ್ಲ.”